ಉತ್ತರ ಬಂದ ತಾರೀಖು

ನಾನು ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ಲೆಕ್ಕವಿಲ್ಲದೆ ನನ್ನ ಮನೆಯಲ್ಲಿ ಏನೂ ನಡೆಯುವುದಿಲ್ಲ. ಹಾಲಿನ ಲೆಕ್ಕ, ಸಿಲಿಂಡರ್ ಹಚ್ಚಿದ ದಿನದ ಲೆಕ್ಕ, ಸಭೆಗೆ ಕೊಟ್ಟ ಕಾಣಿಕೆಯ ಲೆಕ್ಕ. ಪ್ರಾರ್ಥನೆಗೂ ಒಂದು ನೋಟ್‌ಬುಕ್ ಇಟ್ಟಿದ್ದೆ. ಇನ್ನೂರು ಪುಟದ್ದು. ಸ್ಕೇಲ್ ಹಿಡಿದು ಮೂರು ಕಾಲಂ ಹಾಕಿದ್ದೆ: ಬೇಡಿದ ತಾರೀಖು, ಬೇಡಿದ್ದು ಏನು, ಉತ್ತರ ಬಂದ ತಾರೀಖು. ಮಗನ ಪಿಯುಸಿ ರಿಸಲ್ಟ್, ತಂಗಿಯ ಹೆರಿಗೆ, ಮನೆಸಾಲ, ನೆರೆಮನೆಯವರ ಕೋರ್ಟ್ ಕೇಸು. ಬಹಳಷ್ಟಕ್ಕೆ ಮೂರನೇ ಕಾಲಂ ತುಂಬಿದೆ. ತುಂಬದ್ದಕ್ಕೆ ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿ ಮುಂದಿನ ತಿಂಗಳಿಗೆ ಬಾಕಿ ಒಯ್ಯುತ್ತಿದ್ದೆ.

ಅದರಲ್ಲಿ ಕೊನೆಯ ಸಾಲು 2015ರ ಆಗಸ್ಟಿನದು. ನಮ್ಮ ಮನೆಯವರ ಹೆಸರು, ಮುಂದೆ ‘ಕಿಡ್ನಿ’ ಎಂಬ ಒಂದೇ ಶಬ್ದ. ಶುಕ್ರವಾರಕ್ಕೊಮ್ಮೆ ಉಪವಾಸ ಪ್ರಾರ್ಥನೆ ಹಿಡಿದೆ. ಹದಿನಾಲ್ಕು ಶುಕ್ರವಾರ ನೀರು ಬಿಟ್ಟು ಏನೂ ಮುಟ್ಟಲಿಲ್ಲ. ಹದಿನೈದನೆಯ ಶುಕ್ರವಾರದ ಹೊತ್ತಿಗೆ ಅವರು ಇರಲಿಲ್ಲ. ಮೂರನೇ ಕಾಲಮಿನಲ್ಲಿ ಏನು ಬರೆಯುವುದೋ ತಿಳಿಯದೆ ನೋಟ್‌ಬುಕ್ಕನ್ನು ಟ್ರಂಕಿನ ತಳಕ್ಕೆ ಹಾಕಿದೆ.

ಆಮೇಲೆ ಎರಡು ವರ್ಷ ನಾನು ಪ್ರಾರ್ಥನೆ ಮಾಡಲಿಲ್ಲ. ಯಾರಿಗೂ ಗೊತ್ತಾಗಲೂ ಇಲ್ಲ. ರವಿವಾರ ಆರಾಧನೆಗೆ ಹೋಗುತ್ತಿದ್ದೆ, ಕ್ವಾಯರಿನಲ್ಲಿ ನಿಂತು ಹಾಡುತ್ತಿದ್ದೆ, ಕರ್ತನ ಪ್ರಾರ್ಥನೆಯನ್ನು ಎಲ್ಲರ ಜೊತೆ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಿದ್ದೆ. ಬೆಟಗೇರಿಯ ನಮ್ಮಂಥ ಹಳೇ ಮನೆತನದವರಿಗೆ ಇದೇನು ಕಷ್ಟದ ಕೆಲಸವಲ್ಲ. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ನಮ್ಮ ಬೆಟಗೇರಿಗೆ ಬಂದರು. ನಾವು ಐದನೇ ತಲೆಮಾರು. ನಂಬಿಕೆ ನಮಗೆ ಬಂದದ್ದು ಅಜ್ಜನ ಮನೆ, ಅಜ್ಜನ ಮಗ್ಗ ಬಂದ ಹಾಗೆ, ವಾರಸಾಗಿ. ಹೇಗೆ ಗಳಿಸಿದರು, ಏನು ಕಳೆದುಕೊಂಡು ಗಳಿಸಿದರು ಎಂದು ನಾವು ಕೇಳಿದವರಲ್ಲ.

ಆ ಮಿಶನ್ನಿನವರು ಜರ್ಮನಿ, ಸ್ವಿಟ್ಜರ್ಲೆಂಡಿನ ಭಕ್ತಿಪಂಥದವರು. ಪೀಟಿಸಂ ಎಂದು ಅದಕ್ಕೆ ಹೆಸರು. ಚರ್ಚಿಗೆ ಹೋಗಿ ಬಂದರೆ ಆಗಲಿಲ್ಲ, ಮನೆಯಲ್ಲಿ ನಾಲ್ಕು ಜನ ಕೂಡಿ ಸತ್ಯವೇದ ಓದಬೇಕು, ತಮ್ಮ ಮಾತಿನಲ್ಲಿ ಪ್ರಾರ್ಥಿಸಬೇಕು ಎಂಬುದು ಅವರ ಹಟ. ಅದರಿಂದಲೇ ನಮ್ಮ ಮನೆಗಳಲ್ಲಿ ‘ಮನೆ ಪ್ರಾರ್ಥನೆ’ ಎಂಬುದು ಬಂತು. ಸಂಜೆ ಮಗ್ಗ ನಿಂತ ಮೇಲೆ, ಊಟಕ್ಕೆ ಮುಂಚೆ. ಅಪ್ಪನ ಪ್ರಾರ್ಥನೆ ಉದ್ದ; ಮಿಶನರಿಗಳಿಂದ ಹಿಡಿದು ಮಳೆಯವರೆಗೆ ಎಲ್ಲವೂ ಬರಬೇಕು. ಅಜ್ಜಿಯದು ಮಾತ್ರ ಒಂದು ಸಾಲು: “ಯಪ್ಪಾ, ನಾ ಇಲ್ಲೇ ಕುಂತೇನಿ.” ಅಷ್ಟೇ. ಆಮೇಲೆ ಸುಮ್ಮನೆ ಕೂಡುತ್ತಿದ್ದಳು.

ಏಳೆಂಟು ವರ್ಷದವಳಿದ್ದಾಗ ನಾನು ಅಜ್ಜಿಯನ್ನು ಕೇಳಿದ್ದುಂಟು. “ಅಮ್ಮಾ, ನೀ ಏನೂ ಬೇಡಲೇ ಇಲ್ಲಲ್ಲ?”

“ನಮ್ಮಪ್ಪ ಮಗ್ಗದಾಗ ಕುಂತಾಗ ನಾ ಬಾಜೂಕ ಹೋಗಿ ಕುಂದರತಿದ್ದೆ, ತಂಗೀ. ಏನರ ಬೇಡಾಕ ಹೋಗತಿದ್ದೆನೇನ?”

ಇದು ಉತ್ತರವೇ ಅಲ್ಲ ಎಂದು ನನಗಾಗ ಅನಿಸಿತ್ತು.

ಈಗ ‘ಕೃಪೆ’ ಎಂಬ ಶಬ್ದದ ಬಗ್ಗೆ ನಾಲ್ಕು ಮಾತು ಹೇಳಬೇಕು. ಈ ಪತ್ರಿಕೆ ಓದುವವರೆಲ್ಲ ಚರ್ಚಿಗೆ ಹೋಗುವವರಲ್ಲವಲ್ಲ. ನಮ್ಮ ಕನ್ನಡ ಸತ್ಯವೇದದಲ್ಲಿ ಕೃಪೆ ಎಂದು ಬರುವ ಕಡೆ ಮೂಲ ಗ್ರೀಕಿನಲ್ಲಿ ‘ಖಾರಿಸ್’ ಎಂದಿದೆ. ಕಥೋಲಿಕರು ವರಪ್ರಸಾದ ಎನ್ನುತ್ತಾರೆ. ಯಾವ ಶಬ್ದ ಬಳಸಿದರೂ ಅರ್ಥ ಒಂದೇ: ದುಡಿಯದೆ ಬಂದದ್ದು. ಸಂಬಳವಲ್ಲ, ಬಹುಮಾನವೂ ಅಲ್ಲ, ಕೊಟ್ಟವನ ಮನಸ್ಸಿಗೆ ಬಂದು ಕೊಟ್ಟದ್ದು. ಕ್ರೈಸ್ತ ನಂಬಿಕೆಯ ಇರುಸು ಇದೇ. ಮನುಷ್ಯ ಒಳ್ಳೆಯವನಾದ ಮೇಲೆ ದೇವರು ಪ್ರೀತಿಸುತ್ತಾನೆ ಎಂದು ಅಲ್ಲಿ ಹೇಳುವುದಿಲ್ಲ. ಪ್ರೀತಿ ಮೊದಲು ಬರುತ್ತದೆ, ಒಳ್ಳೆಯತನ ಬಂದರೆ ಅದರ ಬೆನ್ನಿಗೆ ಬರುತ್ತದೆ.

ಯೇಸು ಹೇಳಿದ ಒಂದು ಸಾಮ್ಯವಿದೆ. ತೋಟದ ಯಜಮಾನ ಬೆಳಿಗ್ಗೆ ಕೆಲವರನ್ನು ಕೂಲಿಗೆ ಕರೆಯುತ್ತಾನೆ, ಮಧ್ಯಾಹ್ನ ಕೆಲವರನ್ನು, ಹೊತ್ತು ಮುಳುಗಲು ಒಂದು ತಾಸಿರುವಾಗ ಇನ್ನು ಕೆಲವರನ್ನು. ಸಂಜೆ ಎಲ್ಲರಿಗೂ ಒಂದೇ ದಿನಗೂಲಿ. ಬಿಸಿಲಲ್ಲಿ ಬೆಂದವರು ಗೊಣಗುತ್ತಾರೆ. ನಾನು ಇಡೀ ಜೀವನ ಆ ಗೊಣಗುವವರ ಪಕ್ಷ. ಹನ್ನೆರಡು ತಾಸಿಗೆ ಇಷ್ಟು ಕೂಲಿಯಾದರೆ ಒಂದು ತಾಸಿಗೆ ಎಷ್ಟು? ಏಳನೇ ಇಯತ್ತೆಯ ಹುಡುಗರಿಗೆ ತ್ರೈರಾಶಿಯಲ್ಲಿ ಇದನ್ನೇ ಕಲಿಸುತ್ತೇವೆ. ಆ ಯಜಮಾನನ ಉತ್ತರಕ್ಕೆ ನನ್ನ ಕೈಯಲ್ಲಾದರೆ ಸೊನ್ನೆ.

ನನ್ನ ಶಾಲೆಯಲ್ಲಿ ಮೇಲುಕೋಟೆ ಕಡೆಯ ಅಯ್ಯಂಗಾರ್ ಮೇಷ್ಟ್ರೊಬ್ಬರಿದ್ದರು, ಸಂಸ್ಕೃತದವರು. ಸ್ಟಾಫ್ ರೂಮಿನಲ್ಲಿ ಒಮ್ಮೆ ಈ ಸಾಮ್ಯದ ಮಾತು ಬಂದಾಗ ನಕ್ಕು, “ನಮ್ಮಲ್ಲೂ ಈ ಜಗಳ ಇದೆ ಮೇಡಂ” ಎಂದರು. ಶ್ರೀವೈಷ್ಣವರಲ್ಲಿ ವಡಗಲೈಯವರದು ಮರ್ಕಟ ನ್ಯಾಯ: ಕೋತಿಮರಿ ತಾಯಿಯ ಹೊಟ್ಟೆಯನ್ನು ತಾನೇ ಬಿಗಿಯಾಗಿ ಹಿಡಿದುಕೊಳ್ಳಬೇಕು. ತೆಂಗಲೈಯವರದು ಮಾರ್ಜಾಲ ನ್ಯಾಯ: ಬೆಕ್ಕಿನಮರಿ ಏನೂ ಮಾಡುವುದಿಲ್ಲ, ತಾಯಿಯೇ ಬಾಯಲ್ಲಿ ಕಚ್ಚಿ ಒಯ್ಯುತ್ತದೆ. “ನಿಮ್ಮ ತೋಟದ ಯಜಮಾನ ಬೆಕ್ಕಿನ ಪಕ್ಷ” ಎಂದರು. ಕ್ರೈಸ್ತರೂ ಶ್ರೀವೈಷ್ಣವರೂ ಹೇಳುವುದು ಪೂರ್ತಿ ಒಂದೇ ಅಂತ ನಾನು ಅನ್ನುವುದಿಲ್ಲ. ಆದರೆ ಕೃಪೆ ಎಂದರೇನು ಎಂದು ಯಾವ ಪಾದ್ರಿಯವರ ಬಾಯಿಂದಲೂ ಇಷ್ಟು ಸಲೀಸಾಗಿ ನಾನು ಕೇಳಿರಲಿಲ್ಲ. ನಾನು ಕೋತಿಮರಿ. ಹದಿನಾಲ್ಕು ಶುಕ್ರವಾರ ಬಿಗಿಹಿಡಿದು, ಕೈ ಸೋತು, ಬಿಟ್ಟವಳು.

2017ರ ಡಿಸೆಂಬರಿನಲ್ಲಿ ಮಗ ಪುಣೆಗೆ ಕರೆಸಿಕೊಂಡ. ಗದಗದಲ್ಲಿ ರಾತ್ರಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಸೊಲ್ಲಾಪುರ, ಅಲ್ಲಿಂದ ಪುಣೆ. ಅವರ ಮನೆಯಲ್ಲಿ ನನಗೆ ಕೆಲಸವಿರಲಿಲ್ಲ. ಸೊಸೆಯ ಪುಸ್ತಕದ ಕಪಾಟಿನಲ್ಲಿ ತೆಳ್ಳನೆಯದೊಂದು ಸಿಕ್ಕಿತು: ಪಂಡಿತಾ ರಮಾಬಾಯಿ 1907ರಲ್ಲಿ ಇಂಗ್ಲಿಷಿನಲ್ಲಿ ಬರೆದ ತಮ್ಮ ಸಾಕ್ಷಿ. ನಮ್ಮ ಸಭೆಗಳಲ್ಲಿ ಸಾಕ್ಷಿ ಎಂದರೆ ಎದ್ದು ನಿಂತು ದೇವರು ತನಗೆ ಮಾಡಿದ್ದನ್ನು ಹೇಳುವುದು. ನಾಲ್ಕರಲ್ಲಿ ಮೂರು ಸಾಕ್ಷಿ ನನ್ನ ನೋಟ್‌ಬುಕ್ಕಿನ ತರದವೇ: ಬೇಡಿದೆ, ಸಿಕ್ಕಿತು. ಇದು ಬೇರೆ ಇತ್ತು.

ರಮಾಬಾಯಿ ಎಂದರೆ ಮಹಾರಾಷ್ಟ್ರದವರು ಎಂದೇ ನಾವು ತಿಳಿದಿರುತ್ತೇವೆ. ಹುಟ್ಟಿದ್ದು ನಮ್ಮ ಘಟ್ಟದಲ್ಲಿ. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸೀಮೆಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದರು ಎಂದು ಊರವರ ಸಿಟ್ಟಿಗೆ ಗುರಿಯಾಗಿ, ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಗಂಗಾಮೂಲದ ಕಾಡಿನಲ್ಲಿ ಆಶ್ರಮ ಕಟ್ಟಿಕೊಂಡರು. 1858ರ ಏಪ್ರಿಲಿನಲ್ಲಿ ರಮಾ ಹುಟ್ಟಿದ್ದು ಅಲ್ಲಿ. ಆರು ತಿಂಗಳ ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು ಘಟ್ಟ ಇಳಿಸಿದರಂತೆ. ಅಲ್ಲಿಂದ ಮುಂದೆ ಇಡೀ ಕುಟುಂಬ ಪುರಾಣ ಹೇಳಿಕೊಂಡು, ತೀರ್ಥಕ್ಷೇತ್ರ ಸುತ್ತಿಕೊಂಡು ಬದುಕಿತು. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ಹಸಿವಿನಲ್ಲಿ ತೀರಿಕೊಂಡರು. ಅಣ್ಣನೂ ಅವರೂ ಕಾಲ್ನಡಿಗೆಯಲ್ಲಿ ದೇಶ ಸುತ್ತಿ 1878ರಲ್ಲಿ ಕಲ್ಕತ್ತೆ ಮುಟ್ಟಿದರು. ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳು ಬಂದದ್ದು ಅಲ್ಲಿ.

ಕಲ್ಕತ್ತೆಯಲ್ಲೇ ಅವರು ಮೊದಲ ಸಲ ಕ್ರೈಸ್ತರ ಪ್ರಾರ್ಥನೆ ನೋಡಿದ್ದು. ಎಲ್ಲರೂ ಎದ್ದು, ಹಿಂದೆ ತಿರುಗಿ, ತಾವು ಕುಳಿತಿದ್ದ ಕುರ್ಚಿಗಳ ಎದುರು ಮೊಣಕಾಲೂರಿ ಕಣ್ಣು ಮುಚ್ಚಿದರಂತೆ. ಇವರು ಕುರ್ಚಿಗಳನ್ನೇ ಪೂಜಿಸುತ್ತಾರೆ ಎಂದು ರಮಾಬಾಯಿ ತಿಳಿದುಕೊಂಡರು! ಓದಿ ಒಬ್ಬಳೇ ನಕ್ಕುಬಿಟ್ಟೆ. ನಕ್ಕ ಮೇಲೆ ಸ್ವಲ್ಪ ಕಸಿವಿಸಿಯೂ ಆಯಿತು. ಎರಡು ವರ್ಷದಿಂದ ನಾನು ಮೊಣಕಾಲೂರಿದ್ದೂ ಬೆಂಚಿನ ಎದುರಿಗೇ.

ಅವರ ಬದುಕು ಒಂದೇ ಸಮನೆ ಮುರಿಯುತ್ತ ಹೋಯಿತು. 1880ರಲ್ಲಿ ಅಣ್ಣ ಹೋದ. ಅದೇ ವರ್ಷ ಬಿಪಿನ್ ಬಿಹಾರಿ ಎಂಬ ಬಂಗಾಳಿ ವಕೀಲರನ್ನು ಮದುವೆಯಾದರು; 1882ರಲ್ಲಿ ಅವರೂ ಕಾಲರಾದಲ್ಲಿ ತೀರಿಕೊಂಡರು. ಕೈಯಲ್ಲಿ ಮನೋರಮಾ ಎಂಬ ಎಳೆಯ ಮಗಳು. ಪುಣೆಗೆ ಬಂದು ಹೆಂಗಸರ ಸಲುವಾಗಿ ಆರ್ಯ ಮಹಿಳಾ ಸಮಾಜ ಕಟ್ಟಿದರು. 1883ರಲ್ಲಿ ಹಡಗು ಹತ್ತಿ ಇಂಗ್ಲೆಂಡಿನ ವಾಂಟೇಜ್ ಎಂಬ ಊರಿನ ಸಿಸ್ಟರುಗಳ ಮಠಕ್ಕೆ ಹೋದರು. ಆ ಸಿಸ್ಟರುಗಳು ಲಂಡನ್ನಿನ ಫುಲಮ್ಮಿನಲ್ಲಿ ಒಂದು ಮನೆ ನಡೆಸುತ್ತಿದ್ದರು, ಬೀದಿಗೆ ಬಿದ್ದ ಹೆಂಗಸರ ಸಲುವಾಗಿ. ಅಂಥವರನ್ನು ಒಳಗೆ ಕರೆದು ಪ್ರೀತಿಯಿಂದ ನೋಡಿಕೊಳ್ಳುವುದನ್ನು ರಮಾಬಾಯಿ ತಮ್ಮ ದೇಶದಲ್ಲಿ ಕಂಡಿರಲಿಲ್ಲ. ಯಾಕೆ ಹೀಗೆ ಮಾಡುತ್ತೀರಿ ಎಂದು ಕೇಳಿದ್ದಕ್ಕೆ ಒಬ್ಬ ಸಿಸ್ಟರ್ ಯೋಹಾನನ ಸುವಾರ್ತೆಯ ನಾಲ್ಕನೇ ಅಧ್ಯಾಯ ತೆಗೆದು ಓದಿದರು. ಸಮಾರ್ಯದ ಹೆಂಗಸಿನ ಕತೆ: ಐದು ಗಂಡಂದಿರನ್ನು ಕಂಡವಳು, ನಡು ಮಧ್ಯಾಹ್ನ ಒಬ್ಬಳೇ ನೀರಿಗೆ ಬರುವವಳು, ಯೇಸು ಅವಳ ಹತ್ತಿರ ಕುಡಿಯಲು ನೀರು ಕೇಳುತ್ತಾನೆ. ಮೊದಲು ಬೇಡಿದವನು ಅವನು ಎಂಬುದನ್ನು ನಾನು ಅಷ್ಟು ವರ್ಷ ಸಂಡೇಸ್ಕೂಲಿನಲ್ಲಿ ಈ ಕತೆ ಹೇಳಿಯೂ ಗಮನಿಸಿರಲಿಲ್ಲ.

1883ರ ಸೆಪ್ಟೆಂಬರ್ 29ರಂದು ತಾಯಿ ಮಗಳಿಬ್ಬರಿಗೂ ದೀಕ್ಷಾಸ್ನಾನವಾಯಿತು. ನಮ್ಮ ಪುಸ್ತಕಗಳಲ್ಲಿ ಕತೆ ಇಲ್ಲಿಗೆ ಮುಗಿಯಬೇಕು. ರಮಾಬಾಯಿ ಮುಗಿಸುವುದಿಲ್ಲ. ದೀಕ್ಷಾಸ್ನಾನವಾಗಿ ಎಂಟು ವರ್ಷದ ಮೇಲೆ, 1891ರ ಸುಮಾರಿಗೆ, ತನಗೆ ಸಿಕ್ಕಿದ್ದು ಕ್ರೈಸ್ತ ಮತ, ಕ್ರಿಸ್ತನಲ್ಲ ಎಂದು ಅವರಿಗೆ ಹೊಳೆಯಿತು. ಆ ಎಂಟು ವರ್ಷದಲ್ಲಿ ಅವರೇನು ಸುಮ್ಮನೆ ಕುಳಿತಿರಲಿಲ್ಲ! ಅಮೆರಿಕ ಸುತ್ತಿ ಹಣ ಕೂಡಿಸಿದ್ದರು, ಮೇಲ್ಜಾತಿಯ ಹಿಂದೂ ಹೆಂಗಸರ ಪಾಡಿನ ಬಗ್ಗೆ ಪುಸ್ತಕ ಬರೆದಿದ್ದರು, 1889ರ ಮಾರ್ಚಿನಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದಿದ್ದರು. ಸತ್ಕಾರ್ಯದ ಲೆಕ್ಕ ತೆಗೆದರೆ ನನ್ನಂಥವರ ನೂರು ನೋಟ್‌ಬುಕ್ ತುಂಬುತ್ತದೆ. ಆದರೂ ಒಳಗೆ ಶಾಂತಿಯಿಲ್ಲ.

ಆಗ ಅವರ ಕೈಗೆ ಬಂದದ್ದು ವಿಲಿಯಂ ಹ್ಯಾಸ್ಲಮ್ ಎಂಬ ಇಂಗ್ಲಿಷ್ ಪಾದ್ರಿಯ ಆತ್ಮಕಥೆ. ವಿಚಿತ್ರ ಮನುಷ್ಯ. 1851ರಲ್ಲಿ ಕಾರ್ನ್‌ವಾಲಿನ ತನ್ನ ಚರ್ಚಿನಲ್ಲಿ ಪ್ರಸಂಗ ಮಾಡುತ್ತಿದ್ದಾಗ, ತಾನು ಹೇಳುತ್ತಿರುವುದು ತನಗೇ ಸಿಕ್ಕಿಲ್ಲ ಎಂದು ವೇದಿಕೆಯ ಮೇಲೆ ಅರಿವಾಗಿ, ಪ್ರಸಂಗದ ನಡುವೆಯೇ ಮನಸ್ಸು ತಿರುಗಿದವನು. ಇಷ್ಟು ವರ್ಷದ ಪಾದ್ರಿಗೇ ಹೀಗಾಗಬಹುದಾದರೆ ತನಗೇಕಾಗಬಾರದು ಎಂದು ರಮಾಬಾಯಿ ಕಂಡುಕೊಂಡರು. ಅವರು ಮಾಡಿದ್ದು ಇಷ್ಟೇ: ಸಾಧಿಸುವುದನ್ನು ಬಿಟ್ಟರು. ಕ್ಷಮೆ ಆಗಲೇ ಆಗಿಹೋಗಿದೆ, ತಾನು ಕೈಚಾಚಿ ತೆಗೆದುಕೊಳ್ಳಬೇಕು ಎಂದು ಒಪ್ಪಿಕೊಂಡರು. ಹದಿನೆಂಟು ಸಾವಿರ ಶ್ಲೋಕದ ಭಾಗವತವನ್ನು ಬಾಯಲ್ಲಿಟ್ಟುಕೊಂಡು ಬೆಳೆದ ಪಂಡಿತೆಗೆ ಪುಕ್ಕಟೆ ಸಿಗುವುದನ್ನು ತೆಗೆದುಕೊಳ್ಳುವುದು ಎಷ್ಟು ಕಷ್ಟವಾಗಿರಬೇಕು ಎಂದು ನಾನು ಊಹಿಸಬಲ್ಲೆ.

ಅವರು ಯಾರ ಮಾತಿಗೂ ಸುಲಭವಾಗಿ ತಲೆದೂಗಿದವರಲ್ಲ ಎಂಬುದನ್ನೂ ಹೇಳಬೇಕು. ವಾಂಟೇಜಿನ ಸಿಸ್ಟರುಗಳ ಜೊತೆ ಪತ್ರದಲ್ಲಿ ಜಗಳವಾಡಿದರು. ಶಿಲುಬೆಯ ಮೇಲೆ ಲ್ಯಾಟಿನ್ ಯಾಕೆ, ಸಂಸ್ಕೃತ ಯಾಕಿಲ್ಲ ಎಂದು ಕೇಳಿದರು. ಮಾಂಸ ಮುಟ್ಟಲಿಲ್ಲ. 1893ರಲ್ಲಿ ಶಾರದಾ ಸದನದಲ್ಲಿ ಹುಡುಗಿಯರನ್ನು ಮತಾಂತರಿಸುತ್ತಾರೆ ಎಂದು ಪುಣೆಯಲ್ಲಿ ದೊಡ್ಡ ಗಲಾಟೆಯಾಗಿ, ರಾನಡೆ, ಭಂಡಾರ್ಕರ್ ಅಂಥವರೂ ಸಲಹಾ ಮಂಡಳಿ ಬಿಟ್ಟರು. ಆ ಸಿಟ್ಟಿನಲ್ಲಿ ನ್ಯಾಯವೇ ಇರಲಿಲ್ಲ ಎಂದು ನಾನು ಹೇಳಲಾರೆ. ಬೆನ್ನಿಗೆ ನಿಂತವರ ಭರವಸೆ ಒಂದಿತ್ತು, ಇವರ ಮನಸ್ಸು ಹೊರಟ ದಾರಿ ಒಂದಿತ್ತು.

ಡಿಸೆಂಬರಿನ ಒಂದು ಬೆಳಿಗ್ಗೆ ದೌಂಡ್ ಕಡೆಯ ಪ್ಯಾಸೆಂಜರ್ ಹತ್ತಿ ಕೇಡಗಾವಿಗೆ ಹೋದೆ. ಪುಣೆಯಿಂದ ಅರವತ್ತು ಕಿಲೋಮೀಟರಿನಷ್ಟು. ನೂರು ಎಕರೆಯಷ್ಟು ಜಮೀನು ಕೊಂಡು ರಮಾಬಾಯಿ ಮುಕ್ತಿ ಸದನ ಕಟ್ಟಿದ್ದು ಇಲ್ಲಿ. 1896–97ರ ಬರದಲ್ಲಿ ಮಧ್ಯಪ್ರಾಂತದಿಂದ ಮುನ್ನೂರು ಹುಡುಗಿಯರನ್ನು ತಂದರು. 1900ರ ಗುಜರಾತಿನ ಬರದ ಮೇಲೆ ಇಲ್ಲಿದ್ದವರು ಹೆಚ್ಚುಕಡಿಮೆ ಎರಡು ಸಾವಿರ. ಒಮ್ಮೆ ಹಸಿವಿನಲ್ಲಿ ತಾಯಿತಂದೆಯನ್ನು ಕಳೆದುಕೊಂಡವರು ಅವರು. ಆ ಹುಡುಗಿಯರ ಮುಖ ನೋಡಿ ಏನು ಕಂಡಿರಬೇಕು. ಕುರುಡರಿಗೆ ಬಾರ್ತಿಮಿ ಸದನ, ಮುದುಕಿಯರಿಗೆ ಪ್ರೀತಿ ಸದನ. ಫುಲಮ್ಮಿನಲ್ಲಿ ನೋಡಿದ್ದಂಥ ಮನೆಯನ್ನು 1899ರಲ್ಲಿ ಇಲ್ಲಿಯೂ ತೆರೆದರು. ಹೆಸರು ಕೃಪಾ ಸದನ. ಕೃಪೆ ಎಂಬುದಕ್ಕೆ ಅವರು ಕೊಟ್ಟ ಅರ್ಥವಿವರಣೆ ಬೇಕಿದ್ದವರು ಆ ಬಾಗಿಲ ಮುಂದೆ ಹೋಗಿ ನಿಲ್ಲಬಹುದು. ನಾನು ನಿಂತೆ.

ಮುಕ್ತಿ ಸದನದ ಬಗ್ಗೆ ಬರೆಯುವವರೆಲ್ಲ 1905ರ ಉಜ್ಜೀವನದ ಮಾತಾಡುತ್ತಾರೆ. ಆ ವರ್ಷದ ಜನವರಿಯಲ್ಲಿ ರಮಾಬಾಯಿ ಎಪ್ಪತ್ತು ಹೆಂಗಸರನ್ನು ದಿನಾ ಪ್ರಾರ್ಥನೆಗೆ ಕೂಡಿಸಿದರು. ಜೂನಿನ ಹೊತ್ತಿಗೆ ಐನೂರೈವತ್ತು ಮಂದಿ, ದಿನಕ್ಕೆರಡು ಸಲ. ಜೂನ್ 29ರ ನಸುಕಿನಲ್ಲಿ ಒಬ್ಬ ಹುಡುಗಿ ಎದ್ದು ಗೋಳಾಡತೊಡಗಿದಳು, ಅವಳ ಮೈಸುತ್ತ ಬೆಂಕಿ ಕಂಡು ಇನ್ನೊಬ್ಬಳು ಬಕೆಟ್ ನೀರು ತಂದು ಸುರಿಯುವುದರಲ್ಲಿದ್ದಳು, ಆಮೇಲೆ ಅದು ಸುಡುವ ಬೆಂಕಿಯಲ್ಲ ಎಂದು ತಿಳಿಯಿತು ಎಂದು ಅಲ್ಲಿದ್ದ ಅಮೆರಿಕದ ಮಿಶನರಿ ಮಿನ್ನಿ ಅಬ್ರಾಮ್ಸ್ ಬರೆದಿಟ್ಟಿದ್ದಾರೆ. ನನಗೆ ಇಂಥ ಕತೆಗಳು ಅಷ್ಟಾಗಿ ಹಿಡಿಸುವುದಿಲ್ಲ. ಈಗಿನ ಪ್ರಾರ್ಥನಾ ಕೂಟಗಳ ಮೈಕು, ಕೂಗು, ಕೆಳಗೆ ಬೀಳುವುದು ನೋಡಿದರೆ ನಾನು ಹಿಂದಿನ ಬೆಂಚಿನಿಂದ ಮೆಲ್ಲಗೆ ಎದ್ದು ಹೋಗುವವಳು. ಆ ಬಕೆಟ್ ಮಾತ್ರ ಇಷ್ಟವಾಯಿತು. ನಾನಾಗಿದ್ದರೂ ನೀರೇ ತರುತ್ತಿದ್ದೆ. ಮತ್ತು ಬೆಂಕಿಗಿಂತ ಆ ಹಿಂದಿನ ಆರು ತಿಂಗಳು ನನಗೆ ದೊಡ್ಡದು ಅನಿಸುತ್ತದೆ: ಬೆಳಿಗ್ಗೆ ಹೊಲದ ಕೆಲಸಕ್ಕೆ, ಅಡುಗೆಗೆ ಮುಂಚೆ ಬಂದು ಕೂತವರು, ಏನಾಗುತ್ತದೆ ಎಂದು ಯಾರಿಗೂ ತಿಳಿಯದ ಆ ದಿನಗಳು.

ಇನ್ನೊಂದು ಸಂಗತಿ. ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಓದುಬಾರದ ಹೆಂಗಸರಿಗೂ ತಿಳಿಯುವ ಮರಾಠಿಗೆ ತಂದರು. ಆ ಕೆಲಸದ ಕೊನೆಯಲ್ಲಿ, 1921ರಲ್ಲಿ, ಮನೋರಮಾ ತೀರಿಕೊಂಡಳು. ನಮ್ಮ ಕಲಬುರಗಿಯಲ್ಲಿ ಶಾಲೆ ನಡೆಸಿದ ಮನೋರಮಾ ಅವಳೇ, ವಯಸ್ಸು ನಲವತ್ತು. ಮಗಳಿಗಾಗಿ ತಾಯಿ ಬೇಡಿರಲಿಲ್ಲವೆ? ಐನೂರೈವತ್ತು ಜನರನ್ನು ಪ್ರಾರ್ಥನೆಗೆ ಕೂಡಿಸಬಲ್ಲ ತಾಯಿ! ಅವರು ಅನುವಾದದ ಕರಡು ತಿದ್ದುವುದಕ್ಕೆ ಮರಳಿದರು. ಮುಂದಿನ ವರ್ಷ ಏಪ್ರಿಲ್ 5ರಂದು ಹೋದರು. ಮುಗಿಸಲು ಹತ್ತು ದಿನ ಬೇಡಿದ್ದರಂತೆ, ಸರಿಯಾಗಿ ಹತ್ತು ದಿನ ಸಿಕ್ಕಿತಂತೆ ಎಂಬ ಮಾತಿದೆ. ಕೇಳಿದ ಕೂಡಲೇ ನನ್ನ ಕೈ ಮೂರನೇ ಕಾಲಂ ಹುಡುಕಿತು. ಹಳೇ ಚಟ. ಮನೋರಮಾಳ ಸಾಲಿಗೆ ಏನು ಬರೆಯುತ್ತೀ ಎಂದು ನನ್ನನ್ನೇ ಕೇಳಿಕೊಂಡು ಸುಮ್ಮನಾದೆ.

ಮಧ್ಯಾಹ್ನ ಮರದ ನೆರಳಿನ ಕಟ್ಟೆಯಲ್ಲಿ ಕುಳಿತಿದ್ದೆ. ಪಕ್ಕದಲ್ಲಿ ಕಣ್ಣು ಕಾಣದ ಅಜ್ಜಿಯೊಬ್ಬರಿದ್ದರು. ನನ್ನ ಮರಾಠಿ ಸೊಲ್ಲಾಪುರ ದಾಟದ್ದು. “ನಾವ ಕಾಯ?” ಎಂದರು. ಹೇಳಿದೆ. “ಆಣಿ ಮಾಲಕಾಂಚಂ?” ಯಜಮಾನರ ಹೆಸರೂ ಹೇಳಿದೆ, ಎರಡು ವರ್ಷವಾಯಿತು ಹೋಗಿ ಎಂದೆ. ಯಾಕೆ ಬಂದೆ, ಏನು ಬೇಕು ಎಂದು ಅವರು ಕೇಳಲಿಲ್ಲ. ನನ್ನ ಕೈ ತಡವರಿಸಿ ಹಿಡಿದುಕೊಂಡು ಅಲ್ಲೇ ಪ್ರಾರ್ಥನೆ ಶುರು ಮಾಡಿದರು. ನನಗೆ ಸಮಾಧಾನ ಕೊಡು ಎಂದು ಬೇಡಬಹುದು ಎಂದುಕೊಂಡೆ. ಅವರು ನಮ್ಮ ಮನೆಯವರ ಹೆಸರು ಹಿಡಿದು, ಇಂಥ ಮನುಷ್ಯನನ್ನು ಕೊಟ್ಟಿದ್ದಕ್ಕೆ ಆಭಾರ ಎಂದರು. ಎಷ್ಟು ವರ್ಷ ಜೊತೆಗಿದ್ದಿರಿ ಎಂದು ನಡುವೆ ನಿಲ್ಲಿಸಿ ನನ್ನನ್ನು ಕೇಳಿದರು. ಇಪ್ಪತ್ತೊಂಬತ್ತು ಎಂದೆ. ಇಪ್ಪತ್ತೊಂಬತ್ತು ವರ್ಷಕ್ಕೆ ಆಭಾರ ಎಂದು ಮುಗಿಸಿದರು.

ಆ ಇಪ್ಪತ್ತೊಂಬತ್ತನ್ನು ನಾನು ಯಾವತ್ತೂ ಬೇಡಿರಲಿಲ್ಲ. ಬೇಡಿರದ್ದಕ್ಕೆ ನನ್ನ ನೋಟ್‌ಬುಕ್ಕಿನಲ್ಲಿ ಕಾಲಮೇ ಇರಲಿಲ್ಲ. ಅಲ್ಲೇ ಕೂತು ಅತ್ತೆ. ಅಜ್ಜಿ ಕೈ ಬಿಡಲಿಲ್ಲ. ಪುಣೆಯ ಗಾಡಿ ತಪ್ಪಿತು; ಮಗನಿಗೆ ಫೋನ್ ಮಾಡಿ ಬೈಸಿಕೊಂಡೆ.

ಊರಿಗೆ ಬಂದ ಮೇಲೆ ಟ್ರಂಕು ತೆಗೆದೆ. ಆ ಸಾಲಿನ ಮೂರನೇ ಕಾಲಂ ಈಗಲೂ ಖಾಲಿಯೇ ಇದೆ. ತುಂಬಲು ನನಗೆ ಮನಸ್ಸಿಲ್ಲ, ಹೊಡೆದುಹಾಕಲೂ ಮನಸ್ಸಿಲ್ಲ. ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಕೆಲವು ರಾತ್ರಿ ಅದೇ ಪ್ರಶ್ನೆಯನ್ನು ದೇವರ ಮುಂದೆ ಇನ್ನೂ ಇಡುತ್ತೇನೆ, ಸ್ವಲ್ಪ ಜೋರಾಗಿಯೇ. ಕೀರ್ತನೆಗಳ ಪುಸ್ತಕದಲ್ಲಿ ಇಂಥ ದೂರುಗಳು ಬಹಳ ಇವೆ, ಯಾರೂ ಬೇಸರಪಟ್ಟಿಲ್ಲ. ಆ ಸಾಲಿನ ಕೆಳಗೆ ಹೊಸ ಹೆಸರುಗಳು ಬಂದಿವೆ: ಮೊಮ್ಮಗಳು, ಹಾಲಿನವನ ಹೆಂಡತಿ, ಈಗ ಹಾಸಿಗೆ ಹಿಡಿದಿರುವ ಅಯ್ಯಂಗಾರ್ ಮೇಷ್ಟ್ರು, ಹೆಸರು ಕೇಳುವುದನ್ನೇ ಮರೆತು ಬಂದ ಕೇಡಗಾವಿಯ ಅಜ್ಜಿ. ತಾರೀಖಿಲ್ಲ. ಗೆರೆಗಳೂ ಇಲ್ಲ, ಸ್ಕೇಲನ್ನು ಮೊಮ್ಮಗಳು ರಜೆಗೆ ಬಂದಾಗ ಒಯ್ದುಬಿಟ್ಟಳು.

ಬೆಳಿಗ್ಗೆ ಐದಕ್ಕೆ ಎದ್ದು, ಚಹಾ ಇಡುವ ಮುಂಚೆ, ಅಜ್ಜನ ಮಗ್ಗ ಇದ್ದ ಕೋಣೆಯಲ್ಲಿ ಚಾಪೆ ಹಾಕಿ ಕೂಡುತ್ತೇನೆ. ಮಗ್ಗ ಮಾರಿ ನಲವತ್ತು ವರ್ಷವಾಯಿತು, ಗುಂಡಿ ಮುಚ್ಚಿದ ಕಡೆ ನೆಲದ ಬಣ್ಣ ಇನ್ನೂ ಬೇರೆಯೇ ಇದೆ. ಹೆಸರುಗಳನ್ನು ಒಂದೊಂದಾಗಿ ಹೇಳುತ್ತೇನೆ. ಹೇಳುವುದು ಮುಗಿದ ಮೇಲೂ ಹಾಲಿನವನು ಕೂಗುವವರೆಗೆ ಎದ್ದು ಹೋಗುವುದಿಲ್ಲ.